ಆ ನೂರು ಗ್ರಾಂ ಬಂದದ್ದು ಎಲ್ಲಿಂದ?

ನೂರು ಗ್ರಾಂ ಅಂದರೆ ಅರ್ಧ ಲೋಟ ನೀರು. ಒಂದು ದಿನ ಅಡುಗೆಮನೆಯ ತಕ್ಕಡಿ ಮೇಲೆ ಖಾಲಿ ಲೋಟ ಇಟ್ಟು, ಸೊನ್ನೆಗೆ ತಂದು, ನಿಧಾನವಾಗಿ ನೀರು ಸುರಿದು ನೋಡಿದೆ. 100 ಅಂತ ತೋರಿಸಿದಾಗ ಲೋಟ ಇನ್ನೂ ಅರ್ಧ ಖಾಲಿಯೇ ಇತ್ತು. ಅದನ್ನೇ ಎತ್ತಿ ಕುಡಿದೆ. ನಾಲ್ಕು ಗುಟುಕಿಗೆ ಮುಗಿದುಹೋಯಿತು.

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಮೈಯಲ್ಲಿ 50 ಕೆಜಿ ಮಿತಿಗಿಂತ ಜಾಸ್ತಿ ಇದ್ದದ್ದು ಈ ನಾಲ್ಕು ಗುಟುಕು. ಅಷ್ಟಕ್ಕೇ ಒಲಿಂಪಿಕ್ ಫೈನಲ್ ಹೋಯಿತು. ಸೋತರೂ ಸಿಗಬೇಕಿದ್ದ ಬೆಳ್ಳಿಯೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಆ ಮಾತು ಅಕ್ಷರಶಃ ನಿಜವಾಗಿದ್ದನ್ನು ನಾನು ನೋಡಿದ್ದು ಅವತ್ತೇ.

ಆ ದಿನದಿಂದ ಜನ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಆ ರಾತ್ರಿ ತಪ್ಪು ಮಾಡಿದ್ದು ಯಾರು? ಊಟ ನೋಡಿಕೊಳ್ಳುವವರಾ, ಡಾಕ್ಟರಾ, ಕೋಚಾ, ಅವಳೇನಾ? ಕೆಲವರು ಪಿತೂರಿ ಅಂದರು. ನನಗೆ ಈ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಆ ನೂರು ಗ್ರಾಂ ಒಂದು ರಾತ್ರಿಯಲ್ಲಿ ಸೇರಿದ್ದಲ್ಲ. ಅದಕ್ಕೆ ವರ್ಷಗಳ ಹಿಂದಿನ ಬೇರಿದೆ. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ.

(ಇಡೀ ಬರಹದಲ್ಲಿ ‘ಅವಳು’ ಅಂತಲೇ ಬರೆಯುತ್ತೇನೆ. ಗೌರವ ಕಡಿಮೆ ಅಂತಲ್ಲ. ರಿಯೋದಿಂದ ಇಲ್ಲಿಯವರೆಗೆ ಮನೆ ಹುಡುಗಿಯ ಹಾಗೆ ಅವಳ ಸುದ್ದಿ ಹುಡುಕಿ ಹುಡುಕಿ ಓದಿದ್ದೇನೆ, ಬಹುವಚನ ಬರುವುದೇ ಇಲ್ಲ.)

ಹರಿಯಾಣದ ಬಲಾಲಿ ಅನ್ನುವ ಹಳ್ಳಿ. ಹುಟ್ಟಿದ್ದು 1994ರಲ್ಲಿ. ಅಪ್ಪ ಬಸ್ ಡ್ರೈವರ್. ನಾನು ಕೆಳಗೆ ರಸ್ತೆಯಲ್ಲಿ ಬಸ್ ಓಡಿಸುತ್ತಿರುವಾಗ ನನ್ನ ಮಗಳು ಮೇಲೆ ವಿಮಾನದಲ್ಲಿ ಹೋಗಬೇಕು ಅಂತ ಆತ ಹೇಳುತ್ತಿದ್ದನಂತೆ. ಪ್ಯಾರಿಸ್ ಆದಮೇಲೆ ಅವಳೇ ಒಂದು ದೊಡ್ಡ ಪತ್ರದಲ್ಲಿ ಇದನ್ನು ಬರೆದಳು. ಅವಳಿಗೆ ಒಂಬತ್ತು ವರ್ಷ ಆಗಿದ್ದಾಗ ಅಪ್ಪನನ್ನು ಗುಂಡಿಟ್ಟು ಕೊಂದರು. ಕೆಲವೇ ತಿಂಗಳಲ್ಲಿ ಅಮ್ಮನಿಗೆ ಕ್ಯಾನ್ಸರ್, ಅದೂ ಮೂರನೇ ಹಂತ. ಕುಸ್ತಿಗೆ ಹಾಕಿದವರು ದೊಡ್ಡಪ್ಪ ಮಹಾವೀರ್ ಫೋಗಟ್, ಗೀತಾ ಮತ್ತು ಬಬಿತಾರ ತಂದೆ. ಅದೇ ಪತ್ರದಲ್ಲಿ ಇನ್ನೊಂದು ಸಾಲಿದೆ. ಚಿಕ್ಕವಳಿದ್ದಾಗ ಒಲಿಂಪಿಕ್ಸ್ ಅಂದರೆ ಏನು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಅವಳ ಕನಸು ಉದ್ದ ಕೂದಲು, ಕೈಯಲ್ಲೊಂದು ಮೊಬೈಲ್. ಅಷ್ಟೇ. ಈ ಕೂದಲಿನ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ತೂಕದ ಜೊತೆ ಅವಳ ಜಗಳ ಪ್ಯಾರಿಸ್‌ನಲ್ಲಿ ಶುರುವಾದದ್ದಲ್ಲ. 2016ರ ಏಪ್ರಿಲ್‌ನಲ್ಲಿ, ರಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ಮಂಗೋಲಿಯಾಕ್ಕೆ ಹೋಗಿದ್ದಳು. 48 ಕೆಜಿ ವಿಭಾಗ. ತೂಕ ನೋಡಿದಾಗ 400 ಗ್ರಾಂ ಜಾಸ್ತಿ. ಆಡುವ ಮೊದಲೇ ಹೊರಗೆ. ಮುಂದಿನ ತಿಂಗಳು ಇಸ್ತಾಂಬುಲ್‌ನಲ್ಲಿ ಚಿನ್ನ ಗೆದ್ದು ರಿಯೋ ಟಿಕೆಟ್ ತಗೊಂಡಳು, ಹಾಗಾಗಿ ಆ 400 ಗ್ರಾಂ ಎಲ್ಲರಿಗೂ ಮರೆತುಹೋಯಿತು. ಗೆದ್ದರೆ ಹಾಗೇ ಅಲ್ವಾ, ಹಿಂದಿನ ಎಚ್ಚರಿಕೆಯನ್ನು ಯಾರೂ ಎಣಿಸುವುದಿಲ್ಲ.

ಆಮೇಲೆ ರಿಯೋ. ಮೊದಲ ಪಂದ್ಯದಲ್ಲಿ ರೊಮೇನಿಯಾದ ಹುಡುಗಿಯನ್ನು 11-0ರಲ್ಲಿ ಸೋಲಿಸಿದಳು. ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದ ಸುನ್ ಯನಾನ್ ಎದುರು ಕಾಲು ಸಿಕ್ಕಿಹಾಕಿಕೊಂಡು ಮಂಡಿ ತಿರುಚಿತು. ಅವಳು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಳುತ್ತಾ, ಸ್ಟ್ರೆಚರ್ ಮೇಲೆ ಹೋದಳು. ಅವತ್ತೇ ರಾತ್ರಿ ಸಾಕ್ಷಿ ಮಲಿಕ್ ಕಂಚು ಗೆದ್ದಳು, ದೇಶ ಕುಣಿಯಿತು. ಸಾಕ್ಷಿಗೆ ಅದು ಸಲ್ಲಬೇಕಾದ್ದೇ. ಆದರೆ ಅದೇ ತಂಡದ ಇನ್ನೊಬ್ಬ ಹುಡುಗಿ ಇನ್ನೊಂದು ಕಡೆ ಮಂಡಿಗೆ ಐಸ್ ಇಟ್ಟುಕೊಂಡು ಮಲಗಿದ್ದಾಳೆ ಅನ್ನುವುದು ನನಗೆ ನಿದ್ದೆ ಕೊಡಲಿಲ್ಲ. ಆ ತಿಂಗಳ ಕೊನೆಗೆ ಅರ್ಜುನ ಪ್ರಶಸ್ತಿ ತಗೊಳ್ಳಲು ಗಾಲಿಕುರ್ಚಿಯಲ್ಲಿ ಬಂದಳು. ಇದನ್ನೂ ನೆನಪಿಟ್ಟುಕೊಳ್ಳಿ.

ಮಂಡಿಯ ಬಗ್ಗೆ ನನಗೆ ಸ್ವಲ್ಪ ಗೊತ್ತು. ಶಟಲ್ ಆಡುವಾಗ ಹಿಂದಕ್ಕೆ ಹಾರಿ ಇಳಿದಾಗ ನನ್ನ ಎಡಮಂಡಿಯ ಲಿಗಮೆಂಟ್ ಹರಿಯಿತು. ಒಳಗೆ ‘ಟಪ್’ ಅಂತ ಸದ್ದು ಕೇಳಿಸಿತು, ನೋವು ಆಮೇಲೆ ಬಂತು. ಆಪರೇಷನ್ ಆಯಿತು. ಎರಡು ವಾರ ಆದಮೇಲೆ ಫಿಸಿಯೋ ಎರಡೂ ತೊಡೆಗೆ ಅಳತೆ ಟೇಪು ಸುತ್ತಿ ನೋಡಿದರು. ಒಂದು ತೊಡೆ ಇನ್ನೊಂದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ! ಎರಡೇ ವಾರಕ್ಕೆ. ನನ್ನದೇ ಕಾಲು, ನನ್ನದಲ್ಲ ಅನ್ನಿಸಿತು. ‘ತೊಡೆ ಬಿಗಿ ಮಾಡಿ’ ಅಂತ ಅವರು ಹೇಳುತ್ತಿದ್ದರು, ನಾನು ಮನಸ್ಸಿನಲ್ಲಿ ಪೂರ್ತಿ ಬಲ ಹಾಕುತ್ತಿದ್ದೆ, ಅಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ಕೂಡ ಮೆಟ್ಟಿಲು ಇಳಿಯುವಾಗ ಕೈ ತಾನಾಗಿ ಕಂಬಿ ಹಿಡಿಯುತ್ತಿತ್ತು. ಡಾಕ್ಟರು ಸರಿಯಾಗಿದೆ ಅಂದರೂ ಮನಸ್ಸು ಒಪ್ಪುವುದಿಲ್ಲ. ನಾನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವಳು, ಹಾಗಾಗಿ ನನ್ನ ಜೀವನ ಅಷ್ಟೇನೂ ನಿಲ್ಲಲಿಲ್ಲ. ಕುಸ್ತಿಯವರಿಗೆ ಹಾಗಲ್ಲ. ಅವರ ಆಫೀಸು ಅವರ ಮೈಯೇ. ಮನೆಯ ನೋವು ಬೇರೆ, ಕೆಲಸದ ನೋವು ಬೇರೆ ಅಂತ ಗೆರೆ ಎಳೆಯಲು ಅಲ್ಲಿ ಜಾಗವೇ ಇಲ್ಲ.

ಆ ಮಂಡಿ ಇಟ್ಟುಕೊಂಡೇ ಅವಳು 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದಳು, ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಳು. ಭಾರತದ ಮಹಿಳಾ ಕುಸ್ತಿಗೆ ಏಷ್ಯಾಡ್‌ನಲ್ಲಿ ಬಂದ ಮೊದಲ ಚಿನ್ನ ಅದು. ಎರಡೂ 50 ಕೆಜಿಯಲ್ಲಿ. ಆಮೇಲೆ ಮೈ ಕೇಳಿದಂತೆ 53ಕ್ಕೆ ಹೋದಳು. 2019ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು, ಟೋಕಿಯೋಗೆ ಟಿಕೆಟ್. ಟೋಕಿಯೋಗೆ ಹೋದಾಗ ಆ ತೂಕದಲ್ಲಿ ಅವಳೇ ಒಂದನೇ ಶ್ರೇಯಾಂಕ.

ಟೋಕಿಯೋದಲ್ಲಿ ಬೆಲಾರುಸ್‌ನ ವನೇಸಾ ಕಲಾಝಿನ್‌ಸ್ಕಾಯಾ ಅವಳನ್ನು ಚಿತ್ ಮಾಡಿದಳು. ಕ್ವಾರ್ಟರ್ ಫೈನಲ್‌ನಲ್ಲೇ. ಆಟದಲ್ಲಿ ಸೋಲು ಇದ್ದದ್ದೇ, ಅದರ ಬಗ್ಗೆ ನನಗೆ ದೂರಿಲ್ಲ. ಸೋತು ಬಂದ ಮೇಲೆ ಆಗಿದ್ದರ ಬಗ್ಗೆ ಇದೆ. ತಂಡದ ಜೊತೆ ಉಳಿಯಲಿಲ್ಲ, ತಂಡದ ಪ್ರಾಯೋಜಕರ ಬಟ್ಟೆ ಹಾಕಲಿಲ್ಲ, ಅಶಿಸ್ತು ಅಂತ ಕುಸ್ತಿ ಒಕ್ಕೂಟ ಅವಳನ್ನು ಅಮಾನತು ಮಾಡಿತು. ಅವಳು ಕ್ಷಮೆ ಕೇಳಿದಳು, ಎಚ್ಚರಿಕೆ ಕೊಟ್ಟು ಬಿಟ್ಟರು. ಆ ದಿನಗಳಲ್ಲಿ ಅವಳು ಪತ್ರಿಕೆಗೆ ಬರೆದದ್ದನ್ನು ಓದಿದ್ದೇನೆ. ಒಡೆದುಹೋಗಿದ್ದೇನೆ, ಮ್ಯಾಟ್‌ಗೆ ಯಾವಾಗ ವಾಪಸ್ ಬರುತ್ತೇನೋ ಗೊತ್ತಿಲ್ಲ, ಬರದೆಯೂ ಇರಬಹುದು ಅಂದಿದ್ದಳು. ಆ ಪಂದ್ಯಕ್ಕೆ ಮುಂಚೆ ಎರಡು ಸಲ ಕೋವಿಡ್ ಬಂದಿತ್ತು, ಅದಕ್ಕೂ ಹಿಂದೆ ತಲೆಗೆ ಪೆಟ್ಟಾಗಿತ್ತು. ಇಷ್ಟೆಲ್ಲ ಹೇಳಿಕೊಂಡ ಹುಡುಗಿಯನ್ನು ಕೂರಿಸಿಕೊಂಡು ‘ಏನಾಯ್ತಮ್ಮ’ ಅಂತ ಕೇಳಬೇಕಿತ್ತು. ನೋಟಿಸ್ ಕಳಿಸಿದರು.

ಮರುವರ್ಷ ಅವಳು ಬಂದಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂರನೇ ಸಲ ಸತತವಾಗಿ ಕಾಮನ್‌ವೆಲ್ತ್ ಚಿನ್ನ. ಬೆಲ್‌ಗ್ರೇಡ್‌ನಲ್ಲಿ ಮೊದಲ ಪಂದ್ಯ ಸೋತು, ಮತ್ತೆ ಸಿಕ್ಕ ಅವಕಾಶದಲ್ಲಿ ಎರಡನೇ ವಿಶ್ವ ಕಂಚು.

ಅಲ್ಲಿಂದ ಮುಂದಿನ ಒಂದೂವರೆ ವರ್ಷವನ್ನೇ ನಾನು ಹೇಳಬೇಕೆಂದಿದ್ದು. ನನ್ನ ಪ್ರಕಾರ ಆ ನೂರು ಗ್ರಾಂ ಕೂಡಿಕೊಂಡದ್ದು ಇಲ್ಲಿ.

2023ರ ಜನವರಿಯಲ್ಲಿ ವಿನೇಶ್, ಸಾಕ್ಷಿ, ಬಜರಂಗ್ ಪೂನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಒಕ್ಕೂಟದ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ. ಅವರು ಅಲ್ಲಗಳೆದರು, ವಿಷಯ ಕೋರ್ಟಿಗೆ ಹೋಯಿತು. ನಾನು ಇಲ್ಲಿ ತೀರ್ಪು ಹೇಳಲು ಹೊರಟಿಲ್ಲ. ಹೇಳುತ್ತಿರುವುದು ಒಬ್ಬ ಕುಸ್ತಿಪಟುವಿನ ದಿನಚರಿಯ ಬಗ್ಗೆ. ಏಪ್ರಿಲ್‌ನಲ್ಲಿ ಮತ್ತೆ ಕೂತಾಗ ಒಂದು ತಿಂಗಳಿಗೂ ಜಾಸ್ತಿ ಫುಟ್‌ಪಾತ್ ಮೇಲೆ ಮಲಗಿದರು. ಮೇ 28ರಂದು ಹೊಸ ಸಂಸತ್ ಭವನದ ಕಡೆ ಹೊರಟಾಗ ಪೊಲೀಸರು ರಸ್ತೆಯಲ್ಲಿ ಎಳೆದು ಬಸ್ಸಿಗೆ ಹಾಕಿದರು. ಮೇ 30ಕ್ಕೆ ಪದಕಗಳನ್ನು ಗಂಗೆಗೆ ಬಿಡುತ್ತೇವೆ ಅಂತ ಹರಿದ್ವಾರಕ್ಕೆ ಹೋಗಿ ನದಿ ದಡದಲ್ಲಿ ಕೂತು ಅತ್ತರು, ರೈತ ನಾಯಕರು ಬಂದು ತಡೆದರು.

28 ವರ್ಷದ ಕುಸ್ತಿಪಟುವಿಗೆ ಒಂದು ತಿಂಗಳು ಅಂದರೆ ಎಷ್ಟು ಅಂತ ಯೋಚನೆ ಮಾಡಿ. ಬೆಳಿಗ್ಗೆ ಎದ್ದು ಪಟ್ಟು ಹಾಕಬೇಕಿದ್ದ ಹೊತ್ತಿನಲ್ಲಿ ಮೈಕ್ ಮುಂದೆ ನಿಲ್ಲುವುದು, ಸಂಜೆ ವಕೀಲರ ಜೊತೆ ಮಾತು, ಊಟ ಸಿಕ್ಕಿದಾಗ ಊಟ, ನಿದ್ದೆ ಸೊಳ್ಳೆ ಬಿಟ್ಟಷ್ಟು. ಮೈ ಸುಮ್ನೆ ಕೂತಿರುವುದಿಲ್ಲ, ಬೇರೆ ಲೆಕ್ಕ ಹಾಕುತ್ತಿರುತ್ತದೆ. ನನ್ನ ತೊಡೆ ಎರಡು ವಾರಕ್ಕೆ ಮೂರು ಸೆಂಟಿಮೀಟರ್ ಬಿಟ್ಟುಕೊಟ್ಟಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ವರ್ಷ ಅವಳಿಗೆ ಮತ್ತು ಬಜರಂಗ್‌ಗೆ ಆಯ್ಕೆ ಟ್ರಯಲ್ಸ್ ಇಲ್ಲದೆ ಏಷ್ಯನ್ ಗೇಮ್ಸ್‌ಗೆ ನೇರ ಪ್ರವೇಶ ಕೊಟ್ಟದ್ದು ತಪ್ಪು ಅಂತಲೇ ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅದೇ 53 ಕೆಜಿಯಲ್ಲಿ ಬೆವರು ಸುರಿಸುತ್ತಿದ್ದ ಅಂತಿಮ್ ಪಂಘಾಲ್ ‘ಹಾಗಾದರೆ ನಾವೇನು ಮಾಡಬೇಕು’ ಅಂತ ಕೇಳಿ ಕೋರ್ಟಿಗೆ ಹೋದಳು. ಅರ್ಜಿ ವಜಾ ಆಯಿತು, ಆದರೆ ಪ್ರಶ್ನೆ ನ್ಯಾಯವಾಗಿತ್ತು. ಇಷ್ಟಪಡುವವರ ತಪ್ಪನ್ನು ನೋಡದ ಹಾಗೆ ಇರಲು ನನಗೆ ಆಗುವುದಿಲ್ಲ.

ಆ ಪ್ರವೇಶ ಬಳಕೆಗೆ ಬರಲೇ ಇಲ್ಲ. ಆಗಸ್ಟ್ 13ರಂದು ಅಭ್ಯಾಸದಲ್ಲಿ ಮಂಡಿ ಹೋಯಿತು, 17ಕ್ಕೆ ಮುಂಬೈಯಲ್ಲಿ ಆಪರೇಷನ್. ಏಷ್ಯನ್ ಗೇಮ್ಸ್‌ಗೆ ಅಂತಿಮ್ ಹೋದಳು, ಕಂಚು ತಂದಳು. ಅದಕ್ಕೂ ಮುಂಚೆ ಸೆಪ್ಟೆಂಬರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು, ಪ್ಯಾರಿಸ್‌ಗೆ 53 ಕೆಜಿಯ ಸ್ಥಾನವನ್ನೂ ಅಂತಿಮ್ ಗಿಟ್ಟಿಸಿದಳು. ಇದು ಮುಖ್ಯ. ವಿನೇಶ್ ಆಸ್ಪತ್ರೆಯಿಂದ ಬಂದು ಮಂಡಿ ಮಡಚಲು ಕಲಿಯುತ್ತಿದ್ದಾಗ ಅವಳ ತೂಕದ ಬಾಗಿಲು ಮುಚ್ಚುತ್ತಿತ್ತು.

ಡಿಸೆಂಬರ್‌ನಲ್ಲಿ ಒಕ್ಕೂಟದ ಚುನಾವಣೆ ಆಯಿತು, ಹಳೆಯ ಅಧ್ಯಕ್ಷರ ಆಪ್ತರೇ ಗೆದ್ದರು. ಸಾಕ್ಷಿ ಬೂಟು ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿಗೆ ವಿದಾಯ ಹೇಳಿದಳು. ತಿಂಗಳ ಕೊನೆಗೆ ವಿನೇಶ್ ತನ್ನ ಖೇಲ್ ರತ್ನ ಮತ್ತು ಅರ್ಜುನ ಪ್ರಶಸ್ತಿಯನ್ನು ವಾಪಸ್ ಕೊಡಲು ಹೊರಟಳು. ಪೊಲೀಸರು ಮುಂದೆ ಬಿಡಲಿಲ್ಲ. ಕರ್ತವ್ಯ ಪಥದ ಮೇಲೆ ಎರಡನ್ನೂ ಇಟ್ಟು ಬಂದಳು. ಗಾಲಿಕುರ್ಚಿಯಲ್ಲಿ ಬಂದು ತಗೊಂಡಿದ್ದ ಆ ಅರ್ಜುನ. ಈ ಸಲ ಅದನ್ನು ರಸ್ತೆಯಲ್ಲಿ ಇಟ್ಟು, ಆಪರೇಷನ್ ಆದ ಕಾಲಿನಲ್ಲಿ ನಡೆದು ಹೋದಳು.

ಈಗ ತೂಕದ ಲೆಕ್ಕ ನೋಡಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇರುವುದು ಆರೇ ವಿಭಾಗ: 50, 53, 57, 62, 68, 76. 53 ಹೋಯಿತು. ಮೇಲೆ 57ಕ್ಕೆ ಹೋದರೆ ಅಲ್ಲಿಯವರು 60ರ ಆಸುಪಾಸಿನಿಂದ ಇಳಿದು ಬರುವ ಗಟ್ಟಿಗಿತ್ತಿಯರು. ಉಳಿದದ್ದು 50. 2024ರ ಫೆಬ್ರವರಿಯಲ್ಲಿ ಜೈಪುರದ ರಾಷ್ಟ್ರೀಯ ಕೂಟದಲ್ಲಿ ಅವಳು ಚಿನ್ನ ಗೆದ್ದದ್ದು 55 ಕೆಜಿಯಲ್ಲಿ. ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಲ್ಲಿ ಪ್ಯಾರಿಸ್ ಟಿಕೆಟ್ ಗೆದ್ದದ್ದು 50 ಕೆಜಿಯಲ್ಲಿ. ಆಪರೇಷನ್ ಆಗಿ ಎಂಟೇ ತಿಂಗಳು. ನಾನು ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ ಎಂಟನೇ ತಿಂಗಳು.

ಹತ್ತು ವರ್ಷ ಕುಸ್ತಿ ಆಡಿ ಸ್ನಾಯು ಕಟ್ಟಿದ ಹೆಂಗಸಿನ ಮೈಯಿಂದ ಐದಾರು ಕೆಜಿ ತೆಗೆಯುವುದು ಅಂದರೆ ಕೊಬ್ಬು ಕರಗಿಸುವುದಲ್ಲ, ಕೊಬ್ಬು ಅಲ್ಲಿ ಇರುವುದೇ ಕಡಿಮೆ. ತೆಗೆಯುವುದು ನೀರನ್ನು. ಮೊದಲು ಊಟ ಇಳಿಸುತ್ತಾರೆ, ಆಮೇಲೆ ಉಪ್ಪು, ಕೊನೆಗೆ ನೀರು. ಸೌನಾದಲ್ಲಿ ಕೂತು, ದಪ್ಪ ಬಟ್ಟೆ ಹಾಕಿಕೊಂಡು ಓಡಿ, ಬೆವರಾಗಿ ಹೊರಗೆ ಹಾಕುತ್ತಾರೆ. ಮೈ ಹಸಿದ ಹಸುವಿನ ಹಾಗೆ ಕಾದಿರುತ್ತದೆ, ಒಂದು ಗುಟುಕು ಕೊಟ್ಟರೂ ಹಿಡಿದಿಟ್ಟುಕೊಳ್ಳುತ್ತದೆ. ಹಿಂದೆ ಒಂದು ವಿಭಾಗದ ಪಂದ್ಯಗಳೆಲ್ಲ ಒಂದೇ ದಿನಕ್ಕೆ ಮುಗಿಯುತ್ತಿದ್ದವು, ತೂಕ ಒಂದೇ ಸಲ. 2018ರಿಂದ ಎರಡು ದಿನ, ಎರಡೂ ಬೆಳಿಗ್ಗೆ ತೂಕ. ಆಟಗಾರರು ಹೀಗೆ ಮೈ ಹಿಂಡಿಕೊಳ್ಳಬಾರದು ಅಂತಲೇ ತಂದ ನಿಯಮ. ಉದ್ದೇಶ ಒಳ್ಳೆಯದೇ. ಆದರೆ ಅನಿವಾರ್ಯಕ್ಕೆ ಕೆಳಗಿನ ತೂಕಕ್ಕೆ ಬಂದವರು ಈಗ ಎರಡು ಸಲ ಹಿಂಡಿಕೊಳ್ಳಬೇಕು.

ಆಗಸ್ಟ್ 6ರ ಬೆಳಿಗ್ಗೆ ಅವಳು 50ರ ಒಳಗೇ ಇದ್ದಳು. ಮೊದಲ ಪಂದ್ಯವೇ ಜಪಾನಿನ ಯುಯಿ ಸುಸಾಕಿ ಜೊತೆ. ಟೋಕಿಯೋ ಚಿನ್ನದ ಹುಡುಗಿ, ವಿದೇಶಿ ಎದುರಾಳಿಗಳ ಮುಂದೆ ಒಮ್ಮೆಯೂ ಸೋತವಳಲ್ಲ. 0-2ರಲ್ಲಿ ಹಿಂದಿದ್ದ ವಿನೇಶ್ ಕೊನೆಯ ಕೆಲವೇ ಸೆಕೆಂಡಿನಲ್ಲಿ ಅವಳನ್ನು ಕೆಡವಿದಳು. 3-2. ಸುಸಾಕಿ ನಂಬಲಾಗದೆ ನಿಂತಿದ್ದಳು, ವಿನೇಶ್ ಮ್ಯಾಟ್ ಮೇಲೆ ಅಂಗಾತ ಬಿದ್ದು ಅತ್ತಳು. ನಾನು ಇಲ್ಲಿ ಕುರ್ಚಿಯಿಂದ ಎದ್ದು ಕೂಗಿದ್ದೆ, ಪಕ್ಕದ ಮನೆಯವರು ಏನಾಯಿತೋ ಅಂತ ಬಂದು ಕೇಳುವಷ್ಟು ಜೋರಾಗಿ. ಆಮೇಲೆ ಉಕ್ರೇನಿನ ಒಕ್ಸಾನಾ ಲಿವಾಚ್ 7-5, ಕ್ಯೂಬಾದ ಗುಸ್ಮನ್ 5-0. ಒಲಿಂಪಿಕ್ ಫೈನಲ್‌ಗೆ ಬಂದ ಭಾರತದ ಮೊದಲ ಮಹಿಳಾ ಕುಸ್ತಿಪಟು. ಆ ಸಂಜೆ ಫೋನಿನಲ್ಲಿ ಅಮ್ಮನಿಗೆ ಚಿನ್ನ ತರುತ್ತೇನೆ ಅಂತ ಹೇಳಿದ ವಿಡಿಯೋ ನೀವೂ ನೋಡಿರುತ್ತೀರಿ.

ಮೂರು ಪಂದ್ಯ ಆಡಲು ಬಲ ಬೇಕಲ್ಲ, ನೀರು ಮತ್ತು ಸ್ವಲ್ಪ ಆಹಾರ ಕೊಟ್ಟಿದ್ದರು. ಸೆಮಿಫೈನಲ್ ಆದಮೇಲೆ 2.7 ಕೆಜಿ ಜಾಸ್ತಿ. ಕೋಚ್ ವೊಲರ್ ಅಕೋಸ್ ಆಮೇಲೆ ಆ ರಾತ್ರಿಯ ಬಗ್ಗೆ ಬರೆದಿದ್ದರು. ಒಂದು ಗಂಟೆ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿಸಿದರೂ ಒಂದೂವರೆ ಕೆಜಿ ಉಳಿದಿತ್ತು. 50 ನಿಮಿಷ ಸೌನಾದಲ್ಲಿ ಕೂತಳು, ಒಂದು ಹನಿ ಬೆವರು ಬರಲಿಲ್ಲ. ಮಧ್ಯರಾತ್ರಿಯಿಂದ ಬೆಳಿಗ್ಗೆ ಐದೂವರೆವರೆಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ, ಮತ್ತೆ ಶುರು. ಒಮ್ಮೆ ಕುಸಿದು ಬಿದ್ದಳು, ಹೇಗೋ ಎಬ್ಬಿಸಿದರು. ಇವಳು ಸತ್ತೇ ಹೋಗಬಹುದು ಅಂತ ಆತನಿಗೆ ಅನ್ನಿಸಿತಂತೆ. ಆ ಒಂದು ಸಾಲನ್ನು ಓದಿ ಫೋನು ಕೆಳಗಿಟ್ಟುಬಿಟ್ಟೆ.

ಕೊನೆಗೆ ಕೂದಲು ಕತ್ತರಿಸಿದರು. ಬಟ್ಟೆಯನ್ನೂ ಗಿಡ್ಡ ಮಾಡಿದರು. ಕೂದಲಿಗೆ ಎಷ್ಟು ತೂಕ ಇರುತ್ತದೆ ಹೇಳಿ? ಉದ್ದ ಕೂದಲಿನ ಕನಸು ಕಂಡಿದ್ದ ಹುಡುಗಿಯ ಕೂದಲನ್ನು ತಕ್ಕಡಿಗಾಗಿ ಕತ್ತರಿಸಿದರು. ಆದರೂ ನೂರು ಗ್ರಾಂ ಉಳಿಯಿತು.

ನಿಯಮ ನಿಯಮವೇ. ತಕ್ಕಡಿ ಎಲ್ಲರಿಗೂ ಒಂದೇ, ಅವಳಿಗೂ ಗೊತ್ತಿತ್ತು. ನಾನು ಅದರ ಜೊತೆ ಜಗಳ ಆಡುವುದಿಲ್ಲ. ನನಗೆ ಒಪ್ಪಿಗೆ ಆಗದಿರುವುದು ಶಿಕ್ಷೆಯ ಅಳತೆ. ಮೊದಲ ದಿನ ಸರಿಯಾದ ತೂಕದಲ್ಲಿ ನಿಂತು ಗೆದ್ದ ಮೂರು ಪಂದ್ಯಗಳೂ ಇಲ್ಲವಾಗಿ, ಪಟ್ಟಿಯ ಕೊನೆಯ ಜಾಗ. ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ಅವಳ ಮನವಿಯನ್ನು ತಳ್ಳಿಹಾಕಿತು. ಅದಕ್ಕೂ ಮುಂಚೆ, 8ರ ಬೆಳಗಿನ ಜಾವ, ಅವಳು ಅಮ್ಮನಿಗೆ ಬರೆದಿದ್ದಳು: ಅಮ್ಮಾ, ಕುಸ್ತಿ ಗೆದ್ದಿತು, ನಾನು ಸೋತೆ. ಅದೇ ಅವಳ ನಿವೃತ್ತಿಯ ಮಾತು.

ಅದೇ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ಕಂಚಿನ ಪಂದ್ಯಕ್ಕೆ ಮುಂಚೆ ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿದ ಅಂತ ಸುದ್ದಿ ಬಂತು. ನಾವೆಲ್ಲ ಚಪ್ಪಾಳೆ ಹೊಡೆದೆವು, ನಾನೂ ಹೊಡೆದೆ. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಹುಡುಗ 1.7 ಕೆಜಿ ಜಾಸ್ತಿ ಅಂತ ಹೊರಬಿದ್ದ. ಒಕ್ಕೂಟ ಒಂದು ವರ್ಷ ನಿಷೇಧ ಹಾಕಿತು, ಆಮೇಲೆ ಹಿಂದಕ್ಕೆ ತಗೊಂಡಿತು. ಇಳಿದಾಗ ವೀರ, ಇಳಿಯದಿದ್ದಾಗ ಬೇಜವಾಬ್ದಾರಿ. ಎರಡೂ ಸಲ ಹಿಂಡಿದ್ದು ಒಂದೇ ಮೈಯನ್ನು. ಇದನ್ನು ನೋಡಿದ ಮೇಲೆ ಆ ಚಪ್ಪಾಳೆಯ ಬಗ್ಗೆ ನನಗೆ ಬೇಸರವಿದೆ.

ಆಮೇಲಿನದ್ದು ನಿಮಗೆ ಗೊತ್ತು. ರಾಜಕೀಯಕ್ಕೆ ಹೋದಳು, 2024ರ ಅಕ್ಟೋಬರ್‌ನಲ್ಲಿ ಜುಲಾನಾದಿಂದ ಶಾಸಕಿಯಾದಳು. 2025ರ ಜುಲೈಯಲ್ಲಿ ಗಂಡು ಮಗುವಾಯಿತು. ಡಿಸೆಂಬರ್‌ನಲ್ಲಿ, ನಿವೃತ್ತಿ ಬಿಟ್ಟು ಮತ್ತೆ ಮ್ಯಾಟ್‌ಗೆ ಬರುತ್ತೇನೆ, 2028ರ ಲಾಸ್ ಏಂಜಲೀಸ್ ಕನಸಿದೆ ಅಂತ ಪ್ರಕಟಿಸಿದಳು.

ಸುದ್ದಿ ಓದಿದಾಗ ಖುಷಿಗಿಂತ ಮೊದಲು ಹೆದರಿಕೆಯಾಯಿತು. ಲಾಸ್ ಏಂಜಲೀಸ್ ಹೊತ್ತಿಗೆ ಅವಳಿಗೆ 33 ತುಂಬಿ 34ಕ್ಕೆ ಹತ್ತಿರ. ಮಂಡಿಯ ಹಳೆಯ ಲೆಕ್ಕ ಹಾಗೇ ಇದೆ, ಹೆರಿಗೆಯಾದ ಮೈ. ಗೆಲ್ಲುತ್ತಾಳಾ ಅಂತ ಕೇಳುವ ಮನಸ್ಸಾಗಲಿಲ್ಲ. ಯಾವ ತೂಕದಲ್ಲಿ ಆಡುತ್ತಾಳೆ ಅಂತ ಹುಡುಕಿದೆ.

53 ಆಗಲಿ, 57 ಆಗಲಿ, ಅವಳ ಮೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಆಡಲಿ. ಮೊದಲ ಸುತ್ತಿನಲ್ಲೇ ಸೋತರೂ ನಾನು ಎದ್ದು ನಿಂತು ನೋಡುತ್ತೇನೆ. ಹಿಂದಿನ ರಾತ್ರಿ ಹೊಟ್ಟೆ ತುಂಬ ಉಂಡು, ಎಂಟು ಗಂಟೆ ನಿದ್ದೆ ಮಾಡಿ, ಉದ್ದ ಕೂದಲನ್ನು ಜಡೆ ಹೆಣೆದುಕೊಂಡು ಆ ತಕ್ಕಡಿ ಹತ್ತಲಿ.